ಸುದೀರ್ಘ ಚರ್ಚೆಯ ನಂತರ

ಕೊಡಿಗೇಹಳ್ಳಿಯ ನಮ್ಮ ಶೆಡ್ಡಿನಲ್ಲಿ ಅವತ್ತು ಸಭೆಗೆ ಸೇರಿದ್ದವರು ನಾಲ್ಕು ಜನ: ಅಣ್ಣ, ಭಾವ, ನಾನು ಮತ್ತು ಅಣ್ಣನ ಹೆಂಡತಿ ಲಲಿತತ್ತಿಗೆ. ನಮ್ಮದು ಸ್ಟೀಲಿನ ಊಟದ ಡಬ್ಬಿ ಮಾಡುವ ಸಣ್ಣ ಕಂಪನಿ; ನಾಲ್ವರೂ ಡೈರೆಕ್ಟರುಗಳು. ಸಭೆಯ ನಡಾವಳಿ ಬರೆಯುವುದು ನನ್ನ ಕೆಲಸ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಅದನ್ನು ನಾನು ಹಿಂದಿನ ದಿನವೇ ಬರೆದಿಟ್ಟಿರುತ್ತೇನೆ. ‘ಸುದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಸಾಲು ಕೈಗೆ ಎಷ್ಟು ಪಳಗಿದೆಯೆಂದರೆ, ಒಮ್ಮೆ ಮದುವೆಯ ಮುಯ್ಯಿ ಕವರಿನ ಮೇಲೂ ಅರ್ಧ ಬರೆದುಬಿಟ್ಟಿದ್ದೆ. ಬೋರ್ಡಿನಲ್ಲಿ ಹೆಂಗಸರೊಬ್ಬರಿದ್ದರೆ ಲಕ್ಷಣ ಎಂದು ಅತ್ತಿಗೆಯನ್ನು ಸೇರಿಸಿಕೊಂಡಿದ್ದೆವು. ಬರುತ್ತಿದ್ದರು, ಸಹಿ ಹಾಕುತ್ತಿದ್ದರು, ಹೋಗುತ್ತಿದ್ದರು. ಇಂಥ ಸುಖ ಎಷ್ಟು ಕಂಪನಿಗಳಿಗಿದೆ?

ಅವತ್ತು ಸಹಿಗೆಂದು ಪೆನ್ನು ಹಿಡಿದ ಅತ್ತಿಗೆ ಯಾಕೋ ಓದತೊಡಗಿದರು.

“ಮಂಜು, ಸುದೀರ್ಘ ಚರ್ಚೆ ಅಂತ ಬರ್ದಿದೀಯಲ್ಲ, ಅದ್ಯಾವಾಗ ಆಯ್ತಪ್ಪ?”

“ಅದು ಸುಮ್ನೆ ಫಾರ್ಮಾಲಿಟಿ, ಅತ್ತಿಗೆ.”

“ಹಂಗಾದ್ರೆ ಈಗ ಮಾಡೋಣ.”

ನನಗೆ ಮೈಯೆಲ್ಲ ಉರಿಯಿತು. ಯಶವಂತಪುರದ ಅಂಗಡಿಗಳಿಂದ ಡಬ್ಬಿಗಳು ವಾಪಸು ಬರುತ್ತಿದ್ದವು. ಹೀಗೇ ಆದರೆ ಯುಗಾದಿಯ ಹೊತ್ತಿಗೆ ಶೆಡ್ಡಿಗೆ ಬೀಗವೇ. ಡಬ್ಬಿಯ ಮೇಲೆ ಬಣ್ಣದ ಹೂವು ಅಚ್ಚು ಹಾಕಿದರೆ ಎಲ್ಲ ಸರಿಹೋಗುತ್ತದೆಂದು ಗಂಡಸರು ಮೂವರೂ ತೀರ್ಮಾನಿಸಿ ಆಗಿತ್ತು. ಈಗ ಇವರ ಚರ್ಚೆ.

“ಹೂವಲ್ಲ ಕಣಪ್ಪ, ಮುಚ್ಚಳ. ಸೋರ್ತದೆ,” ಎಂದರು ಅತ್ತಿಗೆ.

“ಸೋರಲ್ಲ,” ಎಂದೆ. ಅಣ್ಣನೂ ಭಾವನೂ ಗಂಭೀರವಾಗಿ ತಲೆಯಾಡಿಸಿದರು. ನಮ್ಮ ಮೂವರಲ್ಲಿ ಒಬ್ಬರೂ ಜನ್ಮದಲ್ಲಿ ಡಬ್ಬಿ ತುಂಬಿದವರಲ್ಲ, ತೊಳೆದವರಂತೂ ಅಲ್ಲವೇ ಅಲ್ಲ.

ಅತ್ತಿಗೆ ವಾದಕ್ಕೆ ನಿಲ್ಲಲಿಲ್ಲ. ಮನೆಯಿಂದ ಸಾರು ತರಿಸಿ, ಹೊಸ ಡಬ್ಬಿಗೆ ತುಂಬಿ, ನನ್ನ ಕೈಗಿಟ್ಟರು. “ಮತ್ತಿಕೆರೆ ತನಕ ಹೋಗಿ ಬಾ. ಬಸ್ಸಲ್ಲೇ ಹೋಗು, ತೊಡೆ ಮೇಲಿಟ್ಕೊ.”

ಹಟಕ್ಕೆ ಹೋದೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ಎರಡು ಸಲ ಬ್ರೇಕ್ ಹಾಕಿತು. ಪಕ್ಕದವರು ಮೆಲ್ಲಗೆ, “ಸಾರ್, ಸಾರು,” ಎಂದರು. ಅಷ್ಟರಲ್ಲಿ ಅದು ಮೊಣಕಾಲು ದಾಟಿತ್ತು.

ಮುಂದಿನ ಸ್ಟಾಪಿನಲ್ಲಿ ಇಳಿದು ಸೀದಾ ಮನೆಗೆ ಹೋದೆ. ನನ್ನ ಹೆಂಡತಿ ಗಿರಿಜಾ ಪ್ಯಾಂಟನ್ನೂ ನನ್ನನ್ನೂ ನೋಡಿದಳು.

“ನಮ್ ಡಬ್ಬೀನೇ ತಾನೇ? ಅದಕ್ಕೇ ಕಣ್ರೀ, ಆರು ವರ್ಷದಿಂದ ನಿಮಗೆ ಬರೀ ಚಿತ್ರಾನ್ನ ಕಟ್ತಿರೋದು.”

“ಮತ್ತೆ ಬಾಯ್ಬಿಟ್ಟು ಹೇಳೋದಲ್ವಾ?”

“ನಾನೇನ್ ಡೈರೆಕ್ಟರಾ?” ಎಂದು ಪ್ಯಾಂಟು ನೆನೆಹಾಕಲು ಒಳಗೆ ಹೋದಳು.

ಹೂವಿನ ಯೋಜನೆ ಅಲ್ಲಿಗೇ ನಿಂತಿತು. ಮುಚ್ಚಳಕ್ಕೆ ರಬ್ಬರಿನ ಬಳೆ ಬಂತು. ಡಬ್ಬಿಗಳು ವಾಪಸು ಬರುವುದು ತಪ್ಪಿತು. ಮುಂದಿನ ಸಭೆಗೆ ಅತ್ತಿಗೆ ಗಿರಿಜಾಳನ್ನೂ ಡೈರೆಕ್ಟರ್ ಮಾಡಿ ಕರೆತಂದರು. ಐದನೆಯ ಕುರ್ಚಿ ತಂದು ಹಾಕಿದವನು ನಾನೇ.