ಮಾವನ ಕಾರಿನ ಸಣ್ಣಪುಟ್ಟ ರಿಪೇರಿಗಳು

ಹಳೇ ಗಾಡಿಗೆ ದೊಡ್ಡ ರಿಪೇರಿ ಅಂತ ಬರುವುದೇ ಇಲ್ಲ. ಬರುವುದೆಲ್ಲ ಸಣ್ಣದೇ. ಗ್ಯಾರೇಜಿನೊಳಗೆ ಹೋದ ಮೇಲೆ ಅದು ಬೆಳೆಯುತ್ತದೆ, ಅಷ್ಟೆ.

ನಾನು ಅರಕಲಗೂಡಿನಲ್ಲಿ ಮನೆ ಮಾಡಿಕೊಂಡು, ಕೊಣನೂರು ರಸ್ತೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಚನ್ನರಾಯಪಟ್ಟಣದ ನಮ್ಮ ಮಾವ ಇಪ್ಪತ್ತು ವರ್ಷ ತಾವೇ ಓಡಿಸಿ, ಕಣ್ಣು ಮಂಜಾದ ಮೇಲೆ ಕಾರನ್ನು ನನ್ನ ಕೈಗೆ ಒಪ್ಪಿಸಿದರು. ಮಾರುವ ಮಾತೆತ್ತುವಂತಿಲ್ಲ. ವಾರಕ್ಕೊಮ್ಮೆ ಫೋನ್ ಮಾಡಿ ಮೊದಲು, "ಗಾಡಿ ಹೆಂಗೈತಪ್ಪಾ?" ಅಂತಾರೆ. ಆಮೇಲೆ ನೆನಪಾದರೆ, "ನಮ್ ಮಗ್ಳು ಹೆಂಗವ್ಳೆ?" ಅಂತಾರೆ.

ಎಡಕ್ಕೆ ತಿರುಗಬೇಡಿ

ಮೊದಲು ಕೆಟ್ಟಿದ್ದು ಹಾರ್ನು. ನಮ್ಮೂರಿನ ಮೆಕ್ಯಾನಿಕ್ಕು ನನಗಿಂತ ಹಿರಿಯ, ಬಲು ಒಳ್ಳೆಯವನು, ಅದೇ ತೊಂದರೆ. "ಒಂದ್ ವೈರು ಸಾ, ಟೀ ಕುಡ್ಕಂಡು ಬನ್ನಿ, ಅಷ್ಟ್ರಲ್ಲಿ ಆಗೋಯ್ತದೆ" ಅಂದ. ನಾನು ಟೀ ಕುಡಿದು ಬರುವಷ್ಟರಲ್ಲಿ ಸ್ಟೀರಿಂಗು ನೆಲದ ಮೇಲಿತ್ತು. ಮಾರನೇ ದಿನ ಡ್ಯಾಶ್‌ಬೋರ್ಡು ಅದರ ಪಕ್ಕಕ್ಕೆ ಬಂತು. ಮೂರನೇ ದಿನ ನನ್ನ ಸೀಟು.

ನಾಲ್ಕನೇ ದಿನ ಗಾಡಿ ಕೊಟ್ಟ. ಹಾರ್ನು ಒತ್ತಿದರೆ ಸದ್ದಿಲ್ಲ. ಆದರೆ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಸಾಕು, ಊರಿಗೇ ಕೇಳುವ ಹಾಗೆ ಬಾರಿಸುತ್ತದೆ. ನಮ್ಮ ಶಾಲೆಯ ಗೇಟು ಇರುವುದು ಎಡಗಡೆಗೆ. ನಾಡಗೀತೆಯ ನಡುವೆ ನಾನು ಒಳಗೆ ಬಂದದ್ದು ಇಡೀ ಶಾಲೆಗೆ ತಿಳಿಯಿತು. ಸಾಲಿನಲ್ಲಿ ನಿಂತಿದ್ದ ಮಕ್ಕಳೆಲ್ಲ ಹಾಡು ಬಿಟ್ಟು ನಗತೊಡಗಿದರು. ಹೆಡ್‌ಮಾಸ್ಟರು ಕರೆದು, "ನೀವು ಸೀದಾ ಕೊಣನೂರಿಗೆ ಹೋಗಿ, ಅಲ್ಲಿ ತಿರುಗಿಸ್ಕೊಂಡು ವಾಪಸ್ ಬನ್ನಿ. ಆಗ ಗೇಟು ಬಲಕ್ಕೆ ಸಿಗುತ್ತೆ" ಅಂದರು.

ಹದಿನೈದು ದಿನ ಹಾಗೇ ಮಾಡಿದೆ. ಕೊನೆಗೆ ತಡೆಯಲಾರದೆ ಗ್ಯಾರೇಜಿಗೆ ಹೋಗಿ ಅತ್ತುಕೊಂಡೆ.

ಮೆಕ್ಯಾನಿಕ್ಕು ಸಮಾಧಾನವಾಗಿ ಕೇಳಿದ: "ಬಲಕ್ಕೆ ತಿರುಗಿಸ್ದಾಗ ಹೊಡ್ಕತದಾ ಸಾ?"

"ಇಲ್ಲ."

"ಮತ್ತೆ? ಅರ್ಧ ಸರಿ ಓಗೈತಲ್ಲ ಬುಡಿ!"

ಚೆನ್ನಾಗಿ ಬೆಂದೈತೆ

ಹೆಂಡತಿಯ ಚಿಕ್ಕಮ್ಮನ ಮನೆಯ ಗೃಹಪ್ರವೇಶಕ್ಕೆ ಹಿರೀಸಾವೆಗೆ ಹೊರಟಿದ್ದೆವು. ಚನ್ನರಾಯಪಟ್ಟಣ ದಾಟುತ್ತಲೇ ಬಾನೆಟ್ಟಿನಿಂದ ಹೊಗೆ. ಇಳಿದು ನೋಡಿದರೆ ರೇಡಿಯೇಟರಿನಿಂದ ಒಂದೊಂದೇ ಹನಿ ನೀರು ತೊಟ್ಟಿಕ್ಕುತ್ತಿದೆ. ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ.

"ಅಯ್ಯೋ, ಅದೊಂದ್ ಕೆಲ್ಸನಾ? ಒಂದ್ ಚಮಚ ಅರಿಶಿನದ ಪುಡಿ ಹಾಕಿ ಸಾ, ತೂತು ಮುಚ್ಕತದೆ."

ಹೈವೇ ಪಕ್ಕದಲ್ಲಿ ಅರಿಶಿನಕ್ಕೆ ಎಲ್ಲಿಗೆ ಹೋಗಲಿ? ಡಿಕ್ಕಿಯಲ್ಲಿದ್ದುದು ಚಿಕ್ಕಮ್ಮನಿಗೆಂದು ಬೀಸಿಸಿಕೊಂಡು ತಂದ ರಾಗಿ ಹಿಟ್ಟು. ಹೆಂಡತಿ ಅಂದಳು, "ಅರಿಶಿನಕ್ಕಿಂತ ರಾಗಿ ಚೆನ್ನಾಗಿ ಅಂಟ್ಕೊಳ್ಳುತ್ತೆ ಕಣ್ರೀ. ಮುದ್ದೆ ಮಾಡಿದ ಪಾತ್ರೆ ನೀವೇನು ಒಂದಿನಾದ್ರೂ ತೊಳೆದಿದೀರಾ?"

ತೊಳೆದಿರಲಿಲ್ಲ. ಹಾಗಾಗಿ ವಾದಿಸುವ ಹಕ್ಕು ನನಗಿರಲಿಲ್ಲ. ಅವಳು ಎರಡು ಹಿಡಿ ಹಾಕಿದಳು. ಸೋರುವುದು ನಿಂತಿತು. ನಾನು ಅವಳನ್ನು ಬಾಯ್ತುಂಬ ಹೊಗಳಿದೆ. ಹಿರೀಸಾವೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಕಾರೂ ನಿಂತಿತು.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಊರು ಸೇರಿದೆವು. ಹೊಸಮನೆಯ ಮುಂದೆ ನಿಂತಿದ್ದ ನೆಂಟರೆಲ್ಲ ನಮ್ಮ ಮೆರವಣಿಗೆ ನೋಡಿದರು. ಅಲ್ಲಿನ ಒಬ್ಬ ಮೆಕ್ಯಾನಿಕ್ಕು ಬಂದು, ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳ ತೆಗೆದ. ಒಳಗೊಂದು ಕಡ್ಡಿ ಆಡಿಸಿ, ಹೊರಗೆ ತೆಗೆದು, ಮೂಗಿನ ಹತ್ತಿರ ಹಿಡಿದ. ನನ್ನನ್ನು ನೋಡಲಿಲ್ಲ, ಸೀದಾ ನನ್ನ ಹೆಂಡತಿಯನ್ನು ಕೇಳಿದ:

"ಮುದ್ದೆ ಚೆನ್ನಾಗಿ ಬೆಂದೈತೆ ಕಣಕ್ಕಾ. ಉಪ್ಸಾರು ಎಲ್ಲಿಗೆ ಹಾಕಿದೀರಾ?"

ಬೀಗರ ಮುಂದೆ ನಮಸ್ಕಾರ

ಇದಾದ ಮೇಲೆ ಡ್ರೈವರ್ ಕಡೆಯ ಬಾಗಿಲ ಒಳಗಿನ ಹಿಡಿ ಮುರಿಯಿತು. ನಮ್ಮ ಮೆಕ್ಯಾನಿಕ್ಕು ಹೊಸದು ಸಿಗುವವರೆಗೆ ಅಂತ ಹಿಂದಿನ ಬಾಗಿಲದ್ದನ್ನು ಬಿಚ್ಚಿ ಮುಂದಕ್ಕೆ ಹಾಕಿದ. ಹಿಂದಿನದಕ್ಕೆ ಎಡಗಡೆಯದ್ದು. ಎಡಗಡೆಯದ್ದಕ್ಕೆ ಇನ್ಯಾವುದೋ. ಹೀಗೆ ಒಂದು ಬಾಗಿಲ ರೋಗ ನಾಲ್ಕಕ್ಕೂ ಹಬ್ಬಿ, ಯಾವ ಬಾಗಿಲೂ ಒಳಗಿನಿಂದ ತೆರೆಯದಂತಾಯಿತು. ಹೊರಗಿನಿಂದ ಮಾತ್ರ ತೆರೆಯುತ್ತಿತ್ತು. ಕಿಟಕಿಯ ಗಾಜು ಇಳಿಸಿ, ಕೈ ಹೊರಗೆ ಹಾಕಿ ತೆಗೆದುಕೊಳ್ಳುತ್ತಿದ್ದೆವು.

ಅದೇ ಹೊತ್ತಿಗೆ ನನ್ನ ತಂಗಿಗೆ ಹೊಳೆನರಸೀಪುರದಿಂದ ಒಂದು ಸಂಬಂಧ ಬಂತು. ಒಳ್ಳೇ ಹುಡುಗ, ಒಳ್ಳೇ ಮನೆತನ. ಎರಡು ಸಂಬಂಧ ತಪ್ಪಿಹೋಗಿ ಮನೆಯಲ್ಲಿ ಎಲ್ಲರೂ ಕುಗ್ಗಿದ್ದೆವು. "ಇದೊಂದು ಕೂಡಿ ಬರಲಪ್ಪಾ" ಅಂತ ಅಮ್ಮ ಹರಕೆ ಹೊತ್ತಿದ್ದಳು. ಹುಡುಗನ ಮನೆ ನೋಡಲು ನಾನು, ಅಪ್ಪ, ಅಮ್ಮ, ಹೆಂಡತಿ ಹೊರಟೆವು.

ಅವರ ಮನೆ ಮುಂದೆ ಕಾರು ನಿಲ್ಲಿಸಿ ಕಿಟಕಿ ಇಳಿಸಲು ಹೋದರೆ, ಗಾಜು ಬಿಗಿದುಕೊಂಡಿದೆ. ನಾಲ್ಕೂ!

ಜಗಲಿಯ ಮೇಲೆ ಹುಡುಗನ ಕಡೆಯವರು ಹತ್ತು ಜನ ನಗುಮುಖದಿಂದ ನಿಂತಿದ್ದಾರೆ. ನಾವು ಒಳಗಿನಿಂದ ನಮಸ್ಕಾರ ಮಾಡಿದೆವು. ಅವರು ಅಲ್ಲಿಂದಲೇ ನಮಸ್ಕಾರ ಮಾಡಿದರು. ನಾನು ಬಾಗಿಲು ತೋರಿಸಿ ಕೈ ಆಡಿಸಿದೆ. ಅವರೂ ಕೈ ಆಡಿಸಿದರು. ಹುಡುಗನ ಅಪ್ಪನ ನಗು ನಿಧಾನವಾಗಿ ಮಾಸುತ್ತಿತ್ತು. ಒಳಗೆ ಅಮ್ಮ, "ಮುಗೀತು ಕಣ್ಲಾ, ಇದೂ ಓಯ್ತು. ನಿನ್ ಮಾವನ್ ಕಾರು ನಿನ್ ತಂಗಿ ಬಾಳು ತಿಂದ್ಬುಡ್ತು" ಅಂತ ಕಣ್ಣೊರೆಸಿಕೊಂಡಳು. ಅಳುತ್ತಲೇ ಹೊರಗಿನವರಿಗೆ ಇನ್ನೊಂದು ನಮಸ್ಕಾರ ಮಾಡಿದಳು.

ಕೊನೆಗೆ ಹುಡುಗನೇ ಬಂದು ಬಾಗಿಲು ತೆಗೆದ. ತಲೆ ತಗ್ಗಿಸಿಕೊಂಡು ಒಳಗೆ ಹೋಗಿ ಕೂತೆವು. ಮುಂದೆ ಕೋಡುಬಳೆಯ ತಟ್ಟೆ ಬಂತು, ನಾವು ಮುಟ್ಟಲಿಲ್ಲ. ಆಗ ಮೂಲೆಯಲ್ಲಿ ಕೂತಿದ್ದ ಹುಡುಗನ ಅಜ್ಜಿ ಬಾಯಿ ಬಿಟ್ಟಳು:

"ಈ ಸಂಬಂದಾನೇ ಮಾಡ್ರಲಾ. ಬಾಗ್ಲು ತೆಗೆದು ಕರೆಯೋಗಂಟ ಇಳೀನಿಲ್ಲ, ಎಂಥಾ ಮರ್ಯಾದಸ್ತರು! ಓದ್ಸಲ ಬಂದೋರು ಗಾಡಿ ನಿಲ್ಲಾಕ್ ಮುಂಚೆನೇ ಇಳಿದು ಕ್ವಾಡುಬಳೆಗೆ ಕೈ ಹಾಕಿದ್ರು."

ಅಲ್ಲಾಡಬಾರದು

ಹೋದ ತಿಂಗಳು ಕಾರಿನ ಕಾಗದದ ಅವಧಿ ಮುಗಿಯಿತು. ಹಾಸನಕ್ಕೆ ಒಯ್ದು ಪರೀಕ್ಷೆ ಮಾಡಿಸಬೇಕು. ಪಾಸಾದರೆ ಇನ್ನೈದು ವರ್ಷ ಓಡಬಹುದು, ಫೇಲಾದರೆ ಗುಜರಿಗೆ. ನಿಜ ಹೇಳುತ್ತೇನೆ, ಫೇಲಾಗಲಿ ಅಂತ ದೇವರಿಗೆ ಕೈ ಮುಗಿದೆ. ಮಾವನ ಮನಸ್ಸೂ ನೋಯುವುದಿಲ್ಲ, ನನಗೂ ಬಿಡುಗಡೆ. ಆದರೆ ನಮ್ಮ ಮೆಕ್ಯಾನಿಕ್ಕು, "ಇದು ನನ್ ಮಾನದ್ ಪ್ರಶ್ನೆ ಸಾ" ಅಂತ ವಾರವಿಡೀ ದುಡಿದು, ಹಾಸನಕ್ಕೆ ತಾನೂ ಬಂದ.

ಪರೀಕ್ಷೆ ಮಾಡುವ ಅಧಿಕಾರಿ ಬ್ರೇಕು ನೋಡಿದರು, ಸರಿಯಿತ್ತು. ಲೈಟು ನೋಡಿದರು, ಉರಿಯಿತು. ಹೊಗೆ ನೋಡಿದರು, ಅದೂ ಲೆಕ್ಕದೊಳಗೇ ಇತ್ತು. ಒಂದೊಂದು ಸರಿಯಿದ್ದಾಗಲೂ ನನ್ನ ಎದೆ ಒಂದೊಂದು ಮೆಟ್ಟಿಲು ಕುಸಿಯಿತು.

"ಪರವಾಗಿಲ್ಲ ಮೇಷ್ಟ್ರೇ, ಚೆನ್ನಾಗಿಟ್ಕೊಂಡಿದೀರ" ಅಂದರು. "ಮುಂದಿನ ನಂಬರ್ ಪ್ಲೇಟು ಮಾತ್ರ ಒಂಚೂರು ಅಲ್ಲಾಡ್ತಿದೆ. ಬಿಗಿ ಮಾಡ್ಸಿ, ಸಹಿ ಹಾಕ್ತೀನಿ." ಅಷ್ಟು ಹೇಳಿ ಒಳಗೆ ಹೋದರು.

ಮೆಕ್ಯಾನಿಕ್ಕು ಸ್ಕ್ರೂಡ್ರೈವರ್ ತೆಗೆದ. ಸ್ಕ್ರೂ ತಿರುಗಿತು, ಬಿಗಿಯಾಗಲಿಲ್ಲ. ಆಸರೆಗೆಂದು ಬಂಪರಿಗೆ ಮಂಡಿ ಕೊಟ್ಟು ಒತ್ತಿದ. ಬಂಪರು ಒಂದು ಕಡೆ ನೆಲಕ್ಕೆ ಇಳಿಯಿತು. "ಏನಾಗಿಲ್ಲ ಸಾ, ಒಳಗಿಂದ ಕಟ್ಬುಡ್ತೀನಿ" ಅಂತ ಬಾನೆಟ್ಟು ಎತ್ತಿದ. ಒಂದು ಬದಿಯ ಕೀಲು ಕಿತ್ತು ಬಾನೆಟ್ಟು ಸೊಟ್ಟಗಾಯಿತು. ಅದನ್ನು ಹಿಡಿಯಲು ಹೋದಾಗ ಮೊಣಕೈ ತಾಗಿ ಎಡಗಡೆಯ ದೀಪ ಹೊರಗೆ ನೇತಾಡಿತು. ದೀಪವನ್ನು ಒಳಗೆ ತುರುಕಿದ. ಎಲ್ಲೋ ಚಟ್ ಅಂತು, ಹೊಗೆ ಬಂತು, ಇಂಜಿನ್ನು ಆಫಾಯಿತು. ಆಮೇಲೆ ಅಡಿಯಿಂದ ಎಣ್ಣೆ ಹರಿಯತೊಡಗಿತು. ಅದು ಯಾಕೆ ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸಾಲಿನಲ್ಲಿದ್ದ ಬೇರೆ ಗಾಡಿಗಳವರು ಒಬ್ಬೊಬ್ಬರೇ ತಮ್ಮ ಗಾಡಿಯನ್ನು ದೂರಕ್ಕೆ ಸರಿಸಿಕೊಂಡರು.

ಅಷ್ಟರಲ್ಲಿ ಅಧಿಕಾರಿ ಪೆನ್ನು ಹಿಡಿದು ಹೊರಗೆ ಬಂದರು. ಮೆಕ್ಯಾನಿಕ್ಕು ಹಣೆಯ ಬೆವರು ಒರೆಸಿಕೊಂಡು, ಬಿಡಿಯಾಗಿ ಕೈಗೆ ಬಂದಿದ್ದ ನಂಬರ್ ಪ್ಲೇಟನ್ನು ಅಂಗಿಯ ತುದಿಯಲ್ಲಿ ಒರೆಸಿ ಅವರ ಕೈಗೇ ಕೊಟ್ಟ.

"ನೋಡಿ ಸಾ, ಈಗ ಅಲ್ಲಾಡಕಿಲ್ಲ."

ಅಧಿಕಾರಿ ಪ್ಲೇಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಮ್ಮೆ ಕಾರನ್ನು ನೋಡಿದರು. ಪ್ಲೇಟನ್ನು ಮೆಲ್ಲಗೆ ನನ್ನ ಕೈಗಿಟ್ಟು ಹೇಳಿದರು:

"ನಂಬರೇನೋ ಪಾಸ್ ಮೇಷ್ಟ್ರೇ. ಇದಕ್ಕೊಂದು ಗಾಡಿ ಹಾಕಿಸ್ಕೊಂಡು ಬನ್ನಿ."