ಬೆಲ್ಲದ ದರ ಮತ್ತು ಅತ್ತೆಯವರ ಆರೋಗ್ಯ

ವ್ಯಾಪಾರಿ ಸೋಲುವುದು ಬುದ್ಧಿ ಕಡಿಮೆಯಾಗಿ ಅಲ್ಲ, ಸುದ್ದಿ ತಡವಾಗಿ ಎಂದು ನಾನು ಕಂಡುಹಿಡಿದಿದ್ದೆ. ಹೊಸಪೇಟೆಯ ಬೆಲ್ಲದ ಪೇಟೆಯಲ್ಲಿ ಬೇರೆ ಯಾರಿಗೂ ಇದು ಹೊಳೆದಿರಲಿಲ್ಲ. ಮದರಾಸಿನ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ ನನ್ನ ತಮ್ಮನಿಗೆ, ದರ ಅಲುಗಾಡಿದ ಕೂಡಲೇ ಅಂಚೆಗೆ ಕಾಯದೆ ತಂತಿ ಹೊಡೆದು ತಾರು ಕಳಿಸು ಎಂದು ಅಪ್ಪಣೆ ಕೊಟ್ಟೆ. ಆ ವರ್ಷದ ನಮ್ಮ ದುಡ್ಡೆಲ್ಲ ಕಂಪ್ಲಿಯ ಬೆಲ್ಲವಾಗಿ ಊರಂಚಿನ ಚಿತ್ತವಾಡ್ಗಿಯ ನಮ್ಮ ಮನೆಯ ಕೋಣೆಯಲ್ಲಿ ಕೂತಿತ್ತು. ಕೋಣೆಯ ಬೀಗದ ಕೈ ನನ್ನ ಹೆಂಡತಿ ಬಸಮ್ಮನ ಸೊಂಟದಲ್ಲಿತ್ತು.

ತಾರಿನ ಏರ್ಪಾಡನ್ನು ಅವಳಿಗೆ ಹೇಳುವುದೊಂದು ಮರೆತಿದ್ದೆ.

ಬಸಮ್ಮ ತೀರಿ ಇನ್ನೂ ವರ್ಷ ತುಂಬಿಲ್ಲ. ಇದ್ದಿದ್ದರೆ ಈ ಕಥೆಯನ್ನು ಅವಳೇ ಹೇಳುತ್ತಿದ್ದಳು, ನಾನು ಓಡಿದ ರೀತಿಯನ್ನೂ ಓಡಿ ತೋರಿಸುತ್ತಿದ್ದಳು.

ನಮ್ಮ ಓಣಿಗೆ ತಾರು ಬಂತೆಂದರೆ ಯಾರೋ ಸತ್ತರೆಂದೇ ಅರ್ಥ. ತಾರಿನ ಜವಾನ ಬಾಗಿಲಲ್ಲಿ ನಿಂತದ್ದೇ ತಡ, ಬಸಮ್ಮ "ಅಯ್ಯೋ ನಮ್ಮವ್ವಾ" ಎಂದು ಕುಸಿದು ಕೂತಳು. ಅವಳ ತಾಯಿ ಸಂಡೂರಿನಲ್ಲಿ ಕೆಮ್ಮು ಹಿಡಿದು ಮಲಗಿದ್ದರು. ತಾರಿನಲ್ಲಿದ್ದದ್ದು ಇಷ್ಟು: ದರ ಬೀಳುತ್ತಿದೆ, ಕೂಡಲೇ ಮಾರು. ನನ್ನ ಮುಖ ಬಿಳುಚಿತು. ನೆರೆದವರಿಗೆ ಅಷ್ಟೇ ಸಾಕಾಯಿತು.

"ನಿಮ್ಮವ್ವಗ ಏನೂ ಆಗಿಲ್ಲ. ಇದು ಬೆಲ್ಲದ ತಾರು" ಎಂದೆ.

ಸಾವಿನ ಸುದ್ದಿಯನ್ನು ಮಗಳಿಗೆ ಹೀಗೆಯೇ ಏನೋ ಒಂದು ಹೇಳಿ ಮುಚ್ಚಿಡುವುದು ನಮ್ಮಲ್ಲಿ ರೂಢಿ. ನಾನು ನಿಜವನ್ನು ಎಷ್ಟು ಜೋರಾಗಿ ಹೇಳಿದೆನೋ ಅಷ್ಟೇ ಜೋರಾಗಿ ಅವಳು ಅತ್ತಳು. ಸಮಾಧಾನ ಮಾಡಲು ಹೊತ್ತಿರಲಿಲ್ಲ. ಪೇಟೆಗೆ ಓಡಿದೆ.

ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ವ್ಯಾಪಾರಿಯ ಮನೆಯಲ್ಲಿ ಸಾವಾದರೆ ಪೇಟೆ ಮುಚ್ಚುವುದು ಮರ್ಯಾದೆ. ಪಕ್ಕದ ಅಂಗಡಿಯ ವಿರೂಪಾಕ್ಷಪ್ಪ ಹಲಗೆ ಹಾಕುತ್ತಿದ್ದ.

"ಸಮಾಧಾನ ಮಾಡ್ಕೊಪಾ. ನಿಮ್ಮತ್ತಿ ಪುಣ್ಯವಂತಿ."

"ಅತ್ತಿ ಗಟ್ಟಿ ಅದಾಳ. ಬಿದ್ದಿದ್ದು ಬೆಲ್ಲದ ರೇಟು. ಜಲ್ದಿ ಹಲಗಿ ತಗಿ, ನನ್ನ ಬೆಲ್ಲ ತಗಾ."

ಅವನು ನನ್ನನ್ನೇ ನೋಡಿದ. "ರೇಟು ಬಿದ್ದೈತಿ ಅಂತ ನೀನ ಹೇಳಿ, ಬೆಲ್ಲ ತಗಾ ಅಂತ ನನಗ ಹೇಳ್ತಿಯಲ್ಲೋ?"

ಮುಚ್ಚಿದ್ದಕ್ಕಿಂತ ಬೇಗ ಪೇಟೆ ತೆರೆಯಿತು. ಎಲ್ಲರೂ ಮಾರುವವರೇ, ಕೊಳ್ಳುವವರಿಲ್ಲ. ಮದರಾಸಿನಲ್ಲಿ ಮೆಟ್ಟಿಲಿಳಿದ ದರ ಸಂಜೆಯೊಳಗೆ ಹೊಸಪೇಟೆಯಲ್ಲಿ ಬಾವಿಗೆ ಬಿದ್ದಿತ್ತು. ನನ್ನೊಂದು ತಾರಿನ ಘನಕಾರ್ಯ!

ಕೊನೆಗೆ ಮೆಟ್ರಿ ಊರಿನವನೊಬ್ಬ ಅರ್ಧ ದರಕ್ಕೆ ಒಪ್ಪಿದ. ಅವನನ್ನು ಕೈಹಿಡಿದು ಮನೆಗೆ ಕರೆತಂದೆ. ಕೋಣೆಗೆ ಬೀಗ. ಬೀಗದ ಕೈ ಬಸಮ್ಮನ ಸೊಂಟದಲ್ಲಿ. ಬಸಮ್ಮ ಸಂಡೂರಿನ ಬಂಡಿಯಲ್ಲಿ. ಅವನು ನಮ್ಮ ಎಲೆ ಅಡಿಕೆ ಮುಗಿಸಿ ಎದ್ದುಹೋದ.

ಮರುದಿನ ಇನ್ನೊಂದು ತಾರು: ನಿನ್ನೆಯದು ಗಾಳಿಸುದ್ದಿ. ದರ ಏರಿದೆ. ಮಾರಬೇಡ.

ಅತ್ತೆ ಕಟ್ಟಿಕೊಟ್ಟ ಚಟ್ನಿಪುಡಿ ಹಿಡಿದು ಬಸಮ್ಮ ನಗುತ್ತಾ ಬಂದಳು. "ಅವ್ವ ಆರಾಮ ಅದಾಳ್ರಿ. ನಿಮ್ಮ ತಾರಿನಾಗ ಸುದ್ದಿ ಅಷ್ಟ ಜಲ್ದಿ ಬರತೈತಿ. ಬುದ್ಧಿ ಹಿಂದ ಬಂಡ್ಯಾಗ ಬರತೈತಿ."

ಉಳಿದವರೆಲ್ಲ ಹೆದರಿ ಪರಊರಿನವರಿಗೆ ಸಿಕ್ಕ ದರಕ್ಕೆ ಮಾರಿಬಿಟ್ಟಿದ್ದರು; ಮಾರದೆ ಉಳಿದವನು ಪೇಟೆಯಲ್ಲಿ ನಾನೊಬ್ಬನೇ. ಜನ ನನ್ನನ್ನು ದೂರದೃಷ್ಟಿಯವನೆಂದರು. ನಾನು ಅಲ್ಲಗಳೆಯಲಿಲ್ಲ.

ಈಗ ಬೀಗದ ಕೈ ನನ್ನ ಉಡಿದಾರದಲ್ಲಿದೆ. ಅದು ಅಲ್ಲಿರುವುದು ಅಪಾಯ. ಆದ್ದರಿಂದ ದರ ಬಿದ್ದ ಸುದ್ದಿ ಬಂದಾಗಲೆಲ್ಲ ಸಂಡೂರಿಗೆ ಹೊರಟುಬಿಡುತ್ತೇನೆ. ಅತ್ತೆಯೂ ನಾನೂ ಎದುರುಬದುರು ಕೂತು ಬಸಮ್ಮನ ಮಾತಾಡುತ್ತೇವೆ, ಉಣ್ಣುತ್ತೇವೆ. ನಾನು ಮರಳುವಷ್ಟರಲ್ಲಿ ಪೇಟೆಯೂ ನಾನೂ ಒಂದಿಷ್ಟು ತಣ್ಣಗಾಗಿರುತ್ತೇವೆ. ಸಂಡೂರಿನಲ್ಲಿ ನನಗೆ ಯಾರೋ ಗುಟ್ಟಿನ ಸುದ್ದಿಗಾರರಿದ್ದಾರೆಂದು ವಿರೂಪಾಕ್ಷಪ್ಪ ಇಂದಿಗೂ ನಂಬಿದ್ದಾನೆ.

ಮೊನ್ನೆ ಅತ್ತೆಯ ಮನೆಯ ಅಂಗಳದಲ್ಲಿ ನನ್ನನ್ನು ಕಂಡೊಡನೆ ಆ ಸುದ್ದಿಗಾರರು ಒಳಗಿದ್ದ ಸೊಸೆಗೆ ಕೂಗಿ ಹೇಳಿದರು: "ಬೆಲ್ಲದ ರೇಟು ಬಿದ್ದಂಗ ಕಾಣತೈತಿ. ಇನ್ನೆರಡು ರೊಟ್ಟಿ ಬಡಿಯವಾ."