ಆಯಿಯ ಅಂಗೈಗೆ ಬೆಳಕು ಮಂಜೂರು ಮಾಡುವ ಬಗ್ಗೆ

ಇಂದ:
ಪೂನಮ್,
ರವಾನೆ ಗುಮಾಸ್ತೆ, ಉದ್ಯಮಬಾಗ, ಬೆಳಗಾವಿ.
ಸದ್ಯದ ಮೊಕ್ಕಾಂ: ಅಜ್ಜಿ ಮನೆಯ ಹಿತ್ತಲ ಕಟ್ಟೆ, ಖಾನಾಪುರ.

ಗೆ:
ಮಾನ್ಯ ಸೂರ್ಯನವರು,
ಅಸ್ತಮಾನ ವಿಭಾಗ, ಪಶ್ಚಿಮ ದಿಕ್ಕು.
(ಮೋಡಗಳ ಮುಖಾಂತರ)

ವಿಷಯ: ಇಂದಿನ ಕತ್ತಲನ್ನು ಒಂದು ಚಮಚದಷ್ಟು ಹೊತ್ತು ತಡೆಹಿಡಿಯುವ ಕುರಿತು.

ಉಲ್ಲೇಖ: ಆಯಿ ಅವರ ಮೌಖಿಕ ಆದೇಶ: “ನಾ ತಿಂದ ಮ್ಯಾಲ ಹೇಳ್ತೇನಿ.”

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರಳು ಫೌಂಡ್ರಿಯೊಂದರಲ್ಲಿ ಬೀಡುಕಬ್ಬಿಣದ ಸಾಮಾನು ಎಲ್ಲಿಗೆ ಹೋಯಿತೆಂದು ಬರೆಯುವ ಕೆಲಸದಲ್ಲಿದ್ದು, ಆಕೆಯ ಮನಸ್ಸು ಮಾತ್ರ ಗಾಜಿನ ಲೋಟದಲ್ಲಿ ಪದರ ಪದರವಾಗಿ ಕೂರಿಸುವ ಸಿಹಿತಿಂಡಿಯ ಮೇಲಿರುತ್ತದೆ. ಬೆಳಗಾವಿಯ ರಾಮತೀರ್ಥ ನಗರದಲ್ಲಿ ಆಕೆಯ ಅಜ್ಜಿ, ಮನೆಮಂದಿಗೆಲ್ಲ ಆಯಿಯಾದ ಕಾಂತಾ ಅವರ ಹೆಸರಿನ ಮನೆಯೊಂದಿದೆ. ಅದರ ಮುಂದಿನ ಕೋಣೆಯಲ್ಲಿ ಇಂಥ ಲೋಟಗಳ ಅಂಗಡಿ ಇಡಬೇಕೆಂಬುದು ಅರ್ಜಿದಾರಳ ಆಸೆ. ಅದೇ ಕೋಣೆಯಲ್ಲಿ ಮಾರಾಟದ ಪಂಪ್‌ಸೆಟ್ ಪೇರಿಸಬೇಕೆಂಬುದು ಕಾಕಾ ಜಿನಪಾಲರ ಆಸೆ. ಅವನ್ನು ಸಾಗಿಸಲು ಕಾಕಾ ನಾಳೆ ಬೆಳಗ್ಗೆಗೆ ಟೆಂಪೋ ಹೇಳಿಬಿಟ್ಟಿದ್ದಾರೆ.

2. ಈ ವ್ಯಾಜ್ಯ ಆಯಿಯ ಮುಂದೆ ಹೋದಾಗ ನಡೆದ ವಾದ ಹೀಗಿದೆ:

“ಲೋಟದಾಗ ಇಷ್ಟಿಷ್ಟ ಹಾಕಿ ಕೊಟ್ರ ಯಾರ್ ತಗೋತಾರಬೇ? ಬೆಳಗಾವಿ ಮಂದಿ ಕುಂದಾ ಡಬ್ಬಿಗಟ್ಲೆ ಒಯ್ಯಾವ್ರು.”

“ಪಂಪ್ ಒಯ್ದು ಯಾರೂ ಚಪ್ಪರಸಂಗಿಲ್ಲ, ಕಾಕಾ.”

ಆಗ ಆಯಿ ಹೊರಡಿಸಿದ್ದೇ ಮೇಲೆ ಉಲ್ಲೇಖಿಸಿದ ಆದೇಶ. ತಿಂದು ಮೆಚ್ಚಿದರೆ ಕೋಣೆ ಅರ್ಜಿದಾರಳಿಗೆ.

3. ಇಂದು ಖಾನಾಪುರದಲ್ಲಿ ಆಯಿಯ ಎಂಬತ್ತನೆಯ ಹುಟ್ಟುಹಬ್ಬದ ಪಾರ್ಟಿ. ಜೈನರ ನೇಮದಂತೆ ಆಯಿ ಹೊತ್ತು ಮುಳುಗಿದ ಮೇಲೆ ಏನನ್ನೂ ತಿನ್ನುವವರಲ್ಲ. ನಾಳೆಯಿಂದ ಚಾತುರ್ಮಾಸ, ನಾಲ್ಕು ತಿಂಗಳು ಸಿಹಿ ಮುಟ್ಟದಿರುವುದು ಅವರ ನೇಮ. ಆದ್ದರಿಂದ ಇಂದಿನ ಹಗಲು ತಪ್ಪಿದರೆ ಕೋಣೆಯೂ ತಪ್ಪಿತು.

4. ಬೆಳಗಾವಿಯಲ್ಲೇ ಮಾಡಿ ತಂದರೆ ದಾರಿಯ ತಗ್ಗುಗಳು ನಾಲ್ಕೂ ಪದರಗಳನ್ನು ಪಾಯಸ ಮಾಡುತ್ತವೆಂಬ ಕಾರಣ, ಅರ್ಜಿದಾರಳು ಸಾಮಾನು ಹೊತ್ತು ತಂದು ಇಲ್ಲಿಯೇ ಮಾಡಲು ಕೂತಳು. ತಳಕ್ಕೆ ತುಪ್ಪದಲ್ಲಿ ಕಲಸಿದ ಬಿಸ್ಕಿಟ್ ಪುಡಿ, ಅದರ ಮೇಲೆ ಕುಂದಾ, ಅದರ ಮೇಲೆ ಮಾವಿನ ರಸ, ತುದಿಗೆ ಕೆನೆ. ಕೆಳಗಿನದು ತಣ್ಣಗೆ ಕೂರದ ಹೊರತು ಮೇಲಿನದನ್ನು ಹಾಕುವಂತಿಲ್ಲ. ಪೇಟೆಯ ಜೆಲ್ಲಿ ಪುಡಿಯಲ್ಲಿ ಎಲುಬಿನ ಅಂಶವಿರುವ ಕಾರಣ ಅದು ಈ ಮನೆಯ ಹೊಸ್ತಿಲು ದಾಟದು. ಕಾರಣ ರಸಕ್ಕೆ ಕಾರ್ನ್‌ಫ್ಲೋರೇ ಗತಿ, ಅದಕ್ಕೆ ಫ್ರಿಜ್ಜೇ ಗತಿ. ಸರಿಯಾಗಿ ಆ ಹೊತ್ತಿಗೆ ಕರೆಂಟು ಹೋಯಿತು. ಅತಿಥಿಗಳು ಬಂದು ಕೂತರು. ರಸ ಕೂರಲಿಲ್ಲ.

ಸೋದರತ್ತೆ ಪ್ರಮಿಳಾ ಅಡುಗೆಮನೆಗೆ ಇಣುಕಿ, “ಎಲ್ಲಾ ಕೂಡಿಸಿ ಕಲಸಿ ಕೊಟ್ಟಬಿಡವಾ, ಹೊಟ್ಟ್ಯಾಗ ಹೋದ ಮ್ಯಾಲ ಒಂದ ಆಗೂದಲ್ಲ?” ಎಂದರು. ಈ ಬಗ್ಗೆ ಪ್ರತ್ಯೇಕ ದೂರು ಸಲ್ಲಿಸಲಾಗುವುದು.

ಕೊನೆಗೆ ಹಿತ್ತಲ ಬಾವಿಯ ನೀರನ್ನು ಅಗಲವಾದ ಪರಾತಕ್ಕೆ ತುಂಬಿ, ಲೋಟಗಳನ್ನು ಅದರಲ್ಲಿ ನಿಲ್ಲಿಸಿ, ಅರ್ಜಿದಾರಳು ಬಾಣಂತಿಯ ಬಳಿ ಕೂತಂತೆ ಕೂತಳು. ಬಹಳ ಹೊತ್ತಿನ ಮೇಲೆ ರಸ ಕೂತಿತು. ಕೆನೆಯೂ ಕೂತಿತು.

5. ಇದು ತಮ್ಮ ಮೇಲಿನ ದೂರಲ್ಲ. ಆದರೂ ಮಳೆ ಹಿಡಿದಂದಿನಿಂದ ತಾವು ಖಾನಾಪುರದಲ್ಲಿ ಕರ್ತವ್ಯಕ್ಕೆ ಹಾಜರಾದದ್ದನ್ನು ಕಂಡವರಿಲ್ಲ. ಕೆಲಸಕ್ಕೇ ಬಾರದ ನೌಕರ ಕೆಲಸ ಮುಗಿಸಿ ಮನೆಗೆ ಹೋದನೆಂದರೆ ಉದ್ಯಮಬಾಗದ ಯಾವ ಕಾರ್ಖಾನೆಯೂ ಒಪ್ಪದು. ಕ್ಯಾಲೆಂಡರ್ ಪ್ರಕಾರ ತಾವು ಮುಳುಗಲು ಇನ್ನೂ ಸಮಯವಿದೆ. ಆದರೆ ಆಯಿ ಕ್ಯಾಲೆಂಡರ್ ಕೇಳುವವರಲ್ಲ. ಅಂಗೈಯ ಗೆರೆ ಕಾಣುವತನಕ ಹಗಲು, ಕಾಣದಿದ್ದರೆ ರಾತ್ರಿ. ಇದು ಅವರು ಮದುವೆಯಾಗಿ ಬಂದಂದಿನಿಂದ ಈ ಮನೆಯಲ್ಲಿ ಜಾರಿಯಲ್ಲಿರುವ ನಿಯಮ.

6. ಅರ್ಜಿದಾರಳು ಲೋಟ ಹಿಡಿದು ಓಡಿದಾಗ ಆಯಿ ಪಡುವಣ ಕಿಟಕಿಯ ಮುಂದೆ ಅಂಗೈ ಚಾಚಿಕೊಂಡು ಕೂತಿದ್ದರು. ಸುತ್ತಲೂ ಅತಿಥಿಗಳು, ರೋಗಿಯ ನಾಡಿ ನೋಡುವವರ ಮುಖ ಮಾಡಿಕೊಂಡು. ಅರ್ಜಿದಾರಳ ಅಣ್ಣ ಸುಯೋಗ ಮೊಬೈಲ್ ಟಾರ್ಚ್ ಹಿಡಿದ.

“ಈಗ ನೋಡ ಆಯೀ, ಎಲ್ಲಾ ಗೆರಿ ಕಾಣ್ತಾವ.”

“ಆರಸೋ ಮಂಗ್ಯಾ! ಸೂರ್ಯಾ ನಿನ್ನ ಕಿಸೇದಾಗ ಹುಟ್ಟತಾನೇನ?”

“ಕತ್ತಲಾತ ಬಿಡ, ಆಯೀ,” ಎಂದರು ಕಾಕಾ, ತೀರಾ ಮೆತ್ತಗೆ.

ಆಯಿ ಲೋಟವನ್ನು ಕಿಟಕಿಗೆ ಹಿಡಿದು ತಿರುಗಿಸಿ ನೋಡಿದರು. “ಎಷ್ಟ ಚೆಂದ ಕುಂತಾವ ಒಂದರ ಮ್ಯಾಲ ಒಂದು! ಖರೇ ಹೇಳ್ತೇನಿ, ನನಗೂ ಬಾಯಾಗ ನೀರ ಬಂದಾವ.” ಆಮೇಲೆ ಅಂಗೈಯನ್ನು ಅರ್ಜಿದಾರಳ ಮುಂದೆ ಚಾಚಿದರು. “ನನ್ನ ಕಣ್ಣ ಹಳೀವು. ನೀ ನೋಡಿ ಹೇಳವಾ ಪೂನಮ್. ಕಾಣ್ತಾವ ಅಂದ್ರ ತಿಂತೇನಿ.”

7. ಅರ್ಜಿದಾರಳು ನೋಡಿದಳು. ಚಿಕ್ಕಂದಿನಲ್ಲಿ ಆ ಕೈಯಿಂದಲೇ ತುತ್ತು ಉಂಡವಳಾದ್ದರಿಂದ ಗೆರೆಗಳು ಎಲ್ಲೆಲ್ಲಿವೆಯೆಂದು ಆಕೆಗೆ ಗೊತ್ತು. ಆದರೆ ಗೊತ್ತಿರುವುದು ಬೇರೆ, ಕಾಣುವುದು ಬೇರೆ. ಕಾಣ್ತಾವ ಎಂದುಬಿಟ್ಟರೆ ಕೋಣೆ ಆಕೆಯದು, ಮತ್ತು ಒಂದು ಜೀವಮಾನದ ನೇಮ ಮುರಿದದ್ದು ಆಯಿಗೆ ಎಂದೂ ತಿಳಿಯದು. “ಒಂದ ನಿಮಿಷ ಆಯೀ, ಬಂದ್ನಿ” ಎಂದು ಹಿತ್ತಲಿಗೆ ಬಂದು, ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು, ಸದರಿ ಅರ್ಜಿಯನ್ನು ಬರೆಯುತ್ತಿದ್ದಾಳೆ.

ಆದ್ದರಿಂದ, ತಾವು ದಯಮಾಡಿ ಸಹ್ಯಾದ್ರಿಯ ಆಚೆಯಿಂದ, ಒಂದು ಅಂಗೈ ಅಗಲದ ಬೆಳಕನ್ನು, ಒಂದು ಚಮಚ ಬಾಯಿಗೆ ಹೋಗುವಷ್ಟು ಹೊತ್ತು, ವಿಶೇಷ ಪ್ರಕರಣವೆಂದು ಭಾವಿಸಿ ಮಂಜೂರು ಮಾಡಬೇಕಾಗಿ ವಿನಂತಿ. ಇದನ್ನು ಮುಂದೆ ಯಾರೂ ಪೂರ್ವನಿದರ್ಶನವಾಗಿ ಬಳಸುವುದಿಲ್ಲವೆಂದು ಅರ್ಜಿದಾರಳು ಈ ಮೂಲಕ ಬರೆದುಕೊಡುತ್ತಾಳೆ.

ತಮ್ಮ ವಿಶ್ವಾಸಿ, ತಾವು ಕಾಣದಿರುವಾಗಲೂ,
ಪೂನಮ್

ಲಗತ್ತುಗಳು:
1. ನಾಲ್ಕು ಪದರದ ಲೋಟ, ಒಂದು (ಮಾದರಿಗಾಗಿ, ಲೋಟ ವಾಪಸು ಕೊಡತಕ್ಕದ್ದು).
2. ಚಮಚ.

ವಿ.ಸೂ.: ಬೆಳಕು ದಾಸ್ತಾನಿಲ್ಲದ ಪಕ್ಷದಲ್ಲಿ, “ಗೆರಿ ಕಾಣವಲ್ವು, ಆಯೀ” ಎಂದು ಒಳಗೆ ಹೋಗಿ ಹೇಳಲು ತಮ್ಮ ಕಚೇರಿಯಿಂದ ಯಾರನ್ನಾದರೂ ಕೂಡಲೇ ಕಳುಹಿಸಿಕೊಡಬೇಕು. ಅರ್ಜಿದಾರಳು ಎರಡು ಸಲ ಬಾಗಿಲ ತನಕ ಹೋಗಿ ವಾಪಸು ಬಂದಿದ್ದಾಳೆ. ಆಯಿ ಇನ್ನೂ ಕೈ ಚಾಚಿಕೊಂಡೇ ಕೂತಿದ್ದಾರೆ.